ಚಪ್ಪಲಿ ಬಿಟ್ಟು ಬಂದ ಕಳ್ಳರು

ಕದಿಯಲು ಬಂದವರು ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದಾರೆ!

ನಾನು ಮೊಣಕಾಲೂರಿ ಇನ್ನೊಮ್ಮೆ ನೋಡಿದೆ. ಸಂಶಯವೇ ಇಲ್ಲ. ಇವತ್ತಿನ ಆಟಕ್ಕೆಂದು ನಿನ್ನೆ ಬೆಳಿಗ್ಗೆ ಟಾಕೀಸಿನ ಗೋಡೆಗಳನ್ನು ಕೆರೆದಿದ್ದರು. ಆ ಸುಣ್ಣದ ಪುಡಿ ಮೆಟ್ಟಿಲ ತುಂಬ ತೆಳ್ಳಗೆ ಬಿದ್ದಿತ್ತು. ನಡುವೆ ಆಮೇಲೆ ಬಂದವರ ಬೂಟುಗಾಲು ತುಳಿದಿದ್ದರೂ, ಗೋಡೆಯ ಬದಿಗೆ ರಬ್ಬರ್ ಚಪ್ಪಲಿಯ ಗುರುತು ಒಂಬತ್ತನೇ ಮೆಟ್ಟಿಲವರೆಗೆ ಬಂದು ನಿಂತಿದೆ. ಅಲ್ಲಿ ಗೋಡೆಗೆ ಒತ್ತಿ ಮೂರು ಜೊತೆ ಚಪ್ಪಲಿ ಸಾಲಾಗಿ ಬಿಟ್ಟ ಅಚ್ಚು. ಅಲ್ಲಿಂದ ಮೇಲಕ್ಕೆ ಬರೀ ಪಾದ.

ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿದ್ದೇನೆ. ದಿಂಡಿಗಲ್‌ನಲ್ಲಿ ಕನ್ನ ಕೊರೆದವರನ್ನು ಹಿಡಿದಿದ್ದೇನೆ, ವೇದಸಂದೂರಿನಲ್ಲಿ ನೂಲಿನ ಮೂಟೆ ಎತ್ತಿದವರನ್ನು ಹಿಡಿದಿದ್ದೇನೆ. ಇಷ್ಟು ಮರ್ಯಾದಸ್ಥ ಕಳ್ಳರನ್ನು ಕಂಡಿದ್ದು ಇದೇ ಮೊದಲು.

“ಏನಕ್ಕಾ, ಏನಾದ್ರೂ ಸಿಕ್ಕಿತಾ?” ಕೆಳಗಿನಿಂದ ಜೆಯಕುಮಾರ್ ಕೂಗಿದ. ಟಾಕೀಸು ಅವನದು, ಅವನ ಅಪ್ಪ ಪಾಂಡಿಯರಾಜನ್ ಕಟ್ಟಿಸಿದ್ದು.

“ಬಾಯಿ ಮುಚ್ಕಂಡು ಅಲ್ಲೇ ನಿಂತಿರು. ಮೇಲಕ್ಕೆ ಬಂದು ಈ ಪುಡಿ ತುಳಿದ್ಯೋ, ನಿನ್ನೇ ಮೊದ್ಲು ಒಳಗೆ ಹಾಕ್ತೀನಿ.”

ಅವನು ತೆಪ್ಪಗಾದ. ನಾನು ನಿವೃತ್ತಿಯಾಗಿ ಮೂರು ವರ್ಷವಾದರೂ ನಮ್ಮೂರು ಕೊಂಬೈಯಲ್ಲಿ ನನ್ನನ್ನು ಪೊನ್ನಮ್ಮಾಳ್ ಎಂದು ಕರೆಯುವವರು ಕಡಿಮೆ. ಹೆಡ್ ಕಾನ್‌ಸ್ಟೇಬಲ್ ಆಗಿದ್ದವಳಲ್ಲವೇ, ಅದಕ್ಕೆ ಇಲ್ಲಿಯವರು ಏಟ್ಟು ಎನ್ನುತ್ತಾರೆ, ನಾನು ಎಲ್ಲರ ಬಾಯಲ್ಲೂ ಏಟ್ಟಮ್ಮ. ಆ ಹೆಸರಿನ ಮೇಲೆ ನನಗೆ ಜಂಬ ಇಲ್ಲವೆಂದರೆ ಸುಳ್ಳಾಗುತ್ತದೆ.

ನಡೆದದ್ದು ಇಷ್ಟು: ನಿನ್ನೆ ಮಧ್ಯಾಹ್ನ ಮೇಲಿನ ಆಪರೇಟರ್ ರೂಮಿನಿಂದ ‘ನಮ್ಮ ಪಡ’ದ ಎಂಟು ಡಬ್ಬಿ ರೀಲು ಮಾಯವಾಗಿದೆ. ಬೀಗ ಹಾಕಿದ್ದು ಹಾಕಿದಂತೆಯೇ ಇದೆ, ಅದರ ಕೀಲಿ ಇರುವುದು ಆಪರೇಟರ್ ಅಯ್ಯಾವು ಅಣ್ಣನ ಉಡಿದಾರದಲ್ಲಿ ಮಾತ್ರ. ಇವತ್ತು ಸಂಜೆ ಆರಕ್ಕೆ ಆಟ. ಅಷ್ಟರೊಳಗೆ ಡಬ್ಬಿಗಳು ಬರದಿದ್ದರೆ ಅಯ್ಯಾವು ಅಣ್ಣನ ಮೇಲೆ ಪೊಲೀಸ್ ಕಂಪ್ಲೇಂಟು ಕೊಡುತ್ತೇನೆಂದು ಜೆಯಕುಮಾರ್ ಹಟ ಹಿಡಿದಿದ್ದಾನೆ.

ಅಯ್ಯಾವು ಅಣ್ಣನಿಗೆ ಅರವತ್ತೆಂಟು ವರ್ಷ. ನಲವತ್ನಾಲ್ಕು ವರ್ಷ ಅದೇ ಮೆಷಿನ್ನಿನ ಹಿಂದೆ ನಿಂತವರು. ಬೆಳಗಿನಿಂದ ಟಿಕೆಟ್ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂತಿದ್ದಾರೆ. ಒಂದು ಲೋಟ ನೀರು ಮುಟ್ಟಿಲ್ಲ, ಒಂದು ಮಾತು ಆಡಿಲ್ಲ. ಹೋಗಿ ಬರುವವರು ಅವರನ್ನು ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದರು.

“ಅಣ್ಣ ಕದ್ದಿದ್ರೆ ನನ್ನ ಪೆನ್ಶನ್ ಪುಸ್ತಕ ಇದೇ ಬೀದೀಲಿ ಹರಿದು ಹಾಕ್ತೀನಿ ಕಣೋ!” ಎಂದು ನಾಲ್ಕು ಜನರ ಎದುರು ಜೆಯಕುಮಾರನಿಗೆ ಅಂದುಬಿಟ್ಟಿದ್ದೆ. ಅಂದಮೇಲೆ ಮುಗಿಯಿತು.

ನಮ್ಮ ಪಡ ಎಂದರೇನು ಎಂದು ಹೊರಗಿನವರಿಗೆ ಹೇಳಬೇಕು. ಪಡ ಅಂದರೆ ಸಿನಿಮಾ. ಪೋಸ್ಟರಿನ ಮೇಲೆ ಅದಕ್ಕೆ ಬೇರೆ ಹೆಸರಿತ್ತು, ಈಗ ಯಾರಿಗೂ ನೆನಪಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಇದೇ ಕೊಂಬೈಯ ಬೀದಿಗಳಲ್ಲಿ, ಹನುಮಂತನಪಟ್ಟಿಯ ದ್ರಾಕ್ಷಿ ತೋಟಗಳಲ್ಲಿ ತೆಗೆದ ಕಳ್ಳತನದ ಕಾಮಿಡಿ. ಆರು ಜನ ಪೆದ್ದರು, ಒಬ್ಬ ಜಿಪುಣ ಮಿಲ್ಲು ಯಜಮಾನ, ಒಂದು ಕಬ್ಬಿಣದ ಪೆಟ್ಟಿಗೆ. ಆರು ತಿಂಗಳು ಯೋಚನೆ ಮಾಡಿ ಪೆಟ್ಟಿಗೆಯನ್ನು ಗಾಡಿಗೇರಿಸುತ್ತಾರೆ. ಗಾಡಿಗೆ ಕಟ್ಟಿದ್ದು ಯಜಮಾನನ ಎತ್ತುಗಳನ್ನೇ. ಆರೂ ಜನ ತೂಕಡಿಸಿದಾಗ ಎತ್ತುಗಳು ಅಭ್ಯಾಸದ ಹಾದಿ ಹಿಡಿದು ಪೆಟ್ಟಿಗೆಯನ್ನು ಯಜಮಾನನ ಅಂಗಳಕ್ಕೇ ತಂದು ನಿಲ್ಲಿಸುತ್ತವೆ. ಮೂವತ್ತೆಂಟು ವರ್ಷದಿಂದ ಪ್ರತಿ ವರ್ಷ ಒಂದು ದಿನ ಅದೇ ಪಡ, ಅದೇ ಎತ್ತು, ಅದೇ ನಗು.

ನೀನು ಪೊಲೀಸಿನವಳು, ಕಳ್ಳರಿಗೆ ಶಿಳ್ಳೆ ಹೊಡೆಯುತ್ತೀಯಲ್ಲ ಎಂದು ನನ್ನನ್ನು ಕೆಣಕಿದವರುಂಟು. ಹೊಡೆಯುತ್ತೇನೆ, ಏನೀಗ? ನಿಜವಾದ ಕಳ್ಳರನ್ನು ನಾನು ಹತ್ತಿರದಿಂದ ಬಲ್ಲೆ. ಅವರು ಹೆದರಿರುತ್ತಾರೆ, ಬೆವರುತ್ತಾರೆ, ಬಡವರ ಮನೆಯನ್ನೇ ದೋಚುತ್ತಾರೆ. ಈ ಪಡದ ಕಳ್ಳರು ಹಾಗಲ್ಲ. ಒಬ್ಬನಿಗೂ ಗಾಯವಾಗುವುದಿಲ್ಲ. ಬದುಕಿನಲ್ಲಿ ಯಾರೂ ಯಾವತ್ತೂ ಸಲಹೆ ಕೇಳದ ಆರು ಜನ ಸೇರಿ, ನಿನಗೇನು ಬರುತ್ತೆ, ನಿನಗೇನು ಬರುತ್ತೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು, ಬುದ್ಧಿವಂತರ ಮೂಗಿನ ಕೆಳಗೆ ಕೆಲಸ ಸಾಧಿಸುತ್ತಾರೆ. ಸೋತರೂ ಮತ್ತೆ ಕೂತು ಇನ್ನೊಂದು ಯೋಜನೆ ಹಾಕುತ್ತಾರೆ. ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಇನ್ನೊಂದು ಕಾರಣವೂ ಇದೆ. ನಮ್ಮ ಜನ ತಮಿಳುನಾಡಿನ ಈ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ದೇವರೇ ಬಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಮನೆಮಾತು ಸಿನಿಮಾ ಪರದೆಯ ಮೇಲೆ ಕೇಳಿಸಿದ್ದು ಒಂದೇ ಸಲ, ಈ ಪಡದ ಎಂಟನೇ ರೀಲಿನಲ್ಲಿ. ಸೋತು ಕೂತ ಆರೂ ಜನ ತೋಟದಲ್ಲಿ ಕಾಗದ ಹರಡಿ ಹೊಸ ಸಂಚು ಹೂಡುತ್ತಿರುವಾಗ ಒಬ್ಬ ಕೂಲಿ ಹೆಂಗಸು ಬುಟ್ಟಿ ಇಳಿಸಿ ಆ ಕಾಗದದ ಮೇಲೇ ಎಲೆ ಹಾಸುತ್ತಾಳೆ. “ಮೊದ್ಲು ಉಂಬಾಣ, ಕಳ್ತನ ಆಮ್ಯಾಕೆ ನೋಡ್ಕಳಾಣ” ಎನ್ನುತ್ತಾಳೆ. ಅಷ್ಟೇ. ಆ ಒಂದು ಮಾತಿಗೆ ಟಾಕೀಸಿನಲ್ಲಿ ಜನ ಕುರ್ಚಿ ಹತ್ತಿ ಕುಣಿಯುತ್ತಾರೆ.

ಇರಲಿ, ಮೆಟ್ಟಿಲಿಗೆ ಬರುತ್ತೇನೆ.

ಬಾಗಿಲಿನ ಬೀಗವನ್ನು ಎಲ್ಲರೂ ನೋಡಿದ್ದರು. ಇನ್ನೊಂದು ಪಕ್ಕದ ತಿರುಗಣಿಗಳನ್ನು ಯಾರೂ ನೋಡಿರಲಿಲ್ಲ. ಬೆರಳಿಟ್ಟೆ, ಜಿಡ್ಡು. ಮೂಸಿದೆ, ಹರಳೆಣ್ಣೆ. ಹಳೇ ಬಾಗಿಲು, ತಿರುಗಣಿಯ ಕಡ್ಡಿಗಳಿಗೆ ಎಣ್ಣೆ ಬಿಟ್ಟು ಕೆಳಗಿನಿಂದ ಬಡಿದರೆ ಮೇಲಕ್ಕೆ ಬರುತ್ತವೆ. ಬಾಗಿಲು ಬೀಗದ ಸಮೇತ ಪಕ್ಕಕ್ಕೆ ಸರಿಯುತ್ತದೆ. ಕೆಲಸ ಮುಗಿದ ಮೇಲೆ ಕಡ್ಡಿ ಮತ್ತೆ ಇಳಿಸಿದರಾಯಿತು. ನಮ್ಮ ಪಡದ ಮೂರನೇ ರೀಲಿನಲ್ಲಿ ಆ ಪೆದ್ದರು ಯಜಮಾನನ ಬಾಗಿಲು ತೆಗೆಯುವುದು ಹೀಗೆಯೇ!

ನನಗೆ ನಗು ತಡೆಯಲಾಗಲಿಲ್ಲ. ಪಡವನ್ನು ಕದ್ದವರು ಪಡ ನೋಡಿಯೇ ಕದ್ದಿದ್ದಾರೆ. ಅಲ್ಲಿಗೆ ಅಯ್ಯಾವು ಅಣ್ಣನ ಕೀಲಿಗೂ ಈ ಕಳ್ಳತನಕ್ಕೂ ಸಂಬಂಧ ಹರಿಯಿತು. ಆದರೆ ಕಳ್ಳರನ್ನು ಹಿಡಿದು ತೋರಿಸದೆ ಜೆಯಕುಮಾರ್ ಒಪ್ಪುವ ಪೈಕಿ ಅಲ್ಲ.

ಯಾರು? ಊರಿನ ಅಷ್ಟೂ ಜನಕ್ಕೂ ಪಡ ಬಾಯಿಪಾಠ. ಹಾಗಾದರೆ ಚಪ್ಪಲಿ ಬಿಟ್ಟವರು ಯಾರು?

ಕಂಬಂ ಊರಿನಲ್ಲಿ ನಮ್ಮ ದೇವರ ದನಗಳ ಕೊಟ್ಟಿಗೆ ಇದೆ, ತೊಳು ಎನ್ನುತ್ತೇವೆ. ಅಲ್ಲಿಗೆ ನಮ್ಮವರು ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಪಾಂಡಿಯರಾಜನ್ ಈ ಆಪರೇಟರ್ ರೂಮಿಗೂ ಅದೇ ಕಟ್ಟಳೆ ಮಾಡಿದ್ದರು. ಅನ್ನ ಕೊಡುವ ಮೆಷಿನ್ನು, ಒಂಬತ್ತನೇ ಮೆಟ್ಟಿಲಲ್ಲಿ ಕೆರ ಬಿಟ್ಟು ಬನ್ನಿ ಎನ್ನುತ್ತಿದ್ದರು. ಅವರು ತೀರಿಕೊಂಡು ಹನ್ನೆರಡು ವರ್ಷ. ಈಗಿನವರು ಬೂಟುಗಾಲಲ್ಲೇ ಹತ್ತುತ್ತಾರೆ, ಜೆಯಕುಮಾರನೂ ಸೇರಿ. ಹಾಗಾದರೆ ಈ ಕಳ್ಳರು ಆ ದೊಡ್ಡವರ ಕಾಲದಲ್ಲಿ ಈ ರೂಮಿಗೆ ಬಂದು ಹೋದವರು. ಕದಿಯುವ ಅವಸರದಲ್ಲೂ ಕಾಲು ತಾನಾಗಿ ಚಪ್ಪಲಿ ಕಳಚಿದೆ. ಬೇರೆ ಯಾವ ಜನವೂ ಮಾಡದ ತಪ್ಪು.

ಬರಿಗಾಲಿನ ಗುರುತುಗಳ ಮೇಲೆ ಬಗ್ಗಿದೆ. ಎರಡನೇ ಬೆರಳಿನ ಬುಡದಲ್ಲಿ ಸಣ್ಣ ಬಳೆಯಂಥ ಗೀರು. ಮೂರು ಜೋಡಿ ಪಾದಕ್ಕೂ ಇದೆ. ಕಾಲುಂಗುರ! ಅದರಲ್ಲಿ ಒಂದು ಎಡಗಾಲು ಹೊರಗಿನ ಅಂಚಿನ ಮೇಲೆ ಮಾತ್ರ ಊರಿದೆ.

ದೊಡ್ಡವರು ಪ್ರತಿ ವರ್ಷ ಆಟ ಮುಗಿದ ಮೇಲೆ ಪಡದಲ್ಲಿ ನಟಿಸಿದ ನಮ್ಮೂರಿನವರನ್ನು ಮಾತ್ರ ಮೇಲಕ್ಕೆ ಕರೆದು, ಮೆಷಿನ್ ಮುಟ್ಟಿಸಿ, ಸಕ್ಕರೆ ಕೊಡುತ್ತಿದ್ದರು. ಅವರಲ್ಲಿ ಹೆಂಗಸರು ಐದು ಜನ. ಈಗ ಉಳಿದಿರುವವರು ಮೂವರು: ರಾಜಮ್ಮಾಳ್, ಪಾಂಡಿಯಮ್ಮಾಳ್, ಕಾಳಿಯಮ್ಮಾಳ್. ಕಾಳಿಯಮ್ಮಾಳ್ ನನಗೆ ಸೋದರತ್ತೆ. ದ್ರಾಕ್ಷಿ ಚಪ್ಪರದಿಂದ ಬಿದ್ದು ಎಡಗಾಲು ಸೊಟ್ಟಗಾಗಿ ಐದು ವರ್ಷವಾಯಿತು.

ಎಂಟನೇ ರೀಲಿನಲ್ಲಿ ಎಲೆ ಹಾಸಿ ಆ ಮಾತಾಡಿದವಳೂ ಅವಳೇ.

ಮೊಪೆಡ್ ಹತ್ತಿ ಹನುಮಂತನಪಟ್ಟಿಯ ತೋಟ ಸೇರಿದಾಗ ಮೂರೂವರೆ. ಅತ್ತೆ ಚಪ್ಪರದ ಕೆಳಗೆ ಸ್ಟೂಲಿನ ಮೇಲೆ ಕೂತು, ಸಣ್ಣ ಕತ್ತರಿಯಿಂದ ಗೊಂಚಲಿನ ಒಡೆದ ಹಣ್ಣುಗಳನ್ನು ತೆಗೆಯುತ್ತಿದ್ದಳು. ಎಪ್ಪತ್ತೆರಡು ವರ್ಷ, ಕಣ್ಣು ಇನ್ನೂ ಸೂಜಿ.

“ಬಾ ಪೊನ್ನು. ಮೊಗ ಬಾಡೈತೆ. ಮೋರು ಕುಡೀತೀಯಾ?”

“ಮಜ್ಜಿಗೆ ಆಮೇಲೆ. ಅತ್ತೆ, ನಿನ್ನೆ ಮಧ್ಯಾನ ಕೆರ ಎಲ್ಲಿ ಬಿಟ್ಟಿದ್ದೆ?”

ಕತ್ತರಿ ನಿಂತಿತು. ಅತ್ತೆ ನನ್ನನ್ನು ನೋಡಿದಳು. ನಾನು ಕಣ್ಣು ಕೀಳಲಿಲ್ಲ.

“ಒಂಬತ್ತನೇ ಮೆಟ್ಲಾಗೆ,” ಎಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅಯ್ಯಯ್ಯೋ! ಅದೊಂದು ಯಾರ್ಗೂ ಹೊಳೀಲಿಲ್ವೇ! ಮೂರು ವಾರ ಕುಂತು ಯೋಚ್ನೆ ಮಾಡ್ದೋ, ಪೊನ್ನು. ಕೆರ ಬುಡ್ಬಾರ್ದು ಅಂತ ಒಬ್ಳಿಗಾದ್ರೂ ತೋಚ್ಬೇಕಲ್ಲ!”

“ನಗ್ಬೇಡ. ಕಳ್ತನ ಅದು.”

“ಹೂಂ, ಕಳ್ತನವೇ. ಚೆಂದಾಗಿ ಮಾಡಿಲ್ವಾ? ಹೇಳು.”

ನಾನು ಮಾತು ತಿರುಗಿಸಿದೆ. “ಟಾಕೀಸಿನ ವಾಚ್‌ಮನ್ ಎಲ್ಲಿದ್ದ?”

“ರಾಜಮ್ಮಾಳ್ ಮೊಮ್ಮಗಳ ಮದ್ವೆ ಅಲ್ವಾ ನಿನ್ನೆ. ಅವನ್ನ ಕರ್ಕಂಡೋಗಿ ಮೊದಲ್ನೇ ಪಂಕ್ತೀಲಿ ಕುಂಡ್ರಿಸ್ದೋ. ಅವನ ಎಲೆ ಖಾಲಿ ಆಗಕ್ಕೆ ಬುಡ್ಬ್ಯಾಡ್ರಿ ಅಂತ ಬಡಿಸೋರಿಗೆ ಹೇಳಿದ್ದೋ. ನಾಲ್ಕು ಸಾರಿ ಪಾಯಸ ಬಿದ್ದೈತೆ. ಪಾಂಡಿಯಮ್ಮಾಳ್ ಎಣ್ಣೆ ಬುಟ್ಟಳು, ನಾನು ಕಡ್ಡಿ ಎತ್ತಿದೆ, ಮೂವರೂ ಸೇರಿ ಹೊತ್ತೋ. ಹಣ್ಣಿನ ಕ್ರೇಟಿನ ಅಡೀಲಿ ಡಬ್ಬಿ, ಮೇಲೆ ದ್ರಾಕ್ಷಿ. ಷೇರ್ ಆಟೋಕ್ಕೆ ಏರಿಸೋವಾಗ ಎದುರ್ಗೆ ಬಂದೋನು ಯಾರು ಅಂತೀಯಾ?”

“ಯಾರು?”

“ಜೆಯಕುಮಾರೇ! ‘ಎನ್ನ ಪಾಟ್ಟಿ, ಸಂದೈಕ್ಕಾ?’ ಅಂದ. ಹೂಂ ಕಣಪ್ಪ, ಸಂತೆಗೇ ಅಂದೆ. ಒಂದು ಗೊಂಚಲು ಎತ್ಕಂಡು ತಿಂತಾ ಹೋದ.”

ನನಗೂ ನಗು ಒತ್ತರಿಸಿ ಬಂತು. ಕೆಮ್ಮಿ ನುಂಗಿಕೊಂಡೆ. ಡಿಪಾರ್ಟ್‌ಮೆಂಟಿನಲ್ಲಿ ದೊಡ್ಡ ದೊಡ್ಡ ತನಿಖೆ ನೋಡಿದ್ದೇನೆ, ಇಷ್ಟು ಅಚ್ಚುಕಟ್ಟಾದ ಕೆಲಸ ನೋಡಿಲ್ಲ. ನಮ್ಮ ಮನೆಯ ಮುದುಕಿಯರು ಮಾಡಿದ್ದು ಎಂದು ಒಳಗೊಳಗೇ ಎದೆ ಉಬ್ಬಿತು.

“ಯಾಕೆ ಮಾಡ್ದೆ ಅತ್ತೆ?”

ಅವಳ ನಗು ನಿಂತಿತು. ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡಳು.

“ಮದ್ರಾಸಿನ ಕಂಪ್ನಿಯೋರು ಪಡ ತಕಂಡೋಗಿ, ತೊಳ್ದು ಹೊಸ್ದು ಮಾಡ್ತಾರಂತೆ. ಮಾಡ್ಲಿ, ಒಳ್ಳೇದೇ. ಆದ್ರೆ ನಂ ಮಾತು ಯಾರಿಗೂ ತಿಳಿಯಾಕಿಲ್ವಂತೆ. ಅದನ್ನ ಅಳಿಸಿ ಯಾವಳೋ ಕೈಲಿ ತಮಿಳಾಗೆ ಹೇಳಿಸ್ತಾರಂತೆ. ಜೆಯಕುಮಾರ್ ಸರಿ ಅಂದವ್ನೆ. ಅವನಪ್ಪ ಇದ್ದಿದ್ರೆ ಹಂಗನ್ನಾಕೆ ಬುಡ್ತಿದ್ನಾ?”

ಜೆಯಕುಮಾರ್ ಈ ವಿಷಯ ನನಗೆ ಹೇಳಿಯೇ ಇರಲಿಲ್ಲ.

“ಹತ್ತು ವರ್ಷದ ಕೂಸಾಗಿದ್ದಾಗಿಂದ ಕೂಲಿ ಮಾಡಿವ್ನಿ, ಪೊನ್ನು. ಇಲ್ಲಿ ಕತ್ರಿಸು, ಅಲ್ಲಿ ಹೊರು ಅಂದೋರೇ ಎಲ್ಲಾರೂ. ಆ ಡೈರೆಕ್ಟರೊಬ್ಬ, ‘ಅಮ್ಮಾ, ನಿಂಗೆ ತೋಚಿದ್ದು ಹೇಳು’ ಅಂದ. ಅವ್ನು ಬರ್ಕೊಟ್ಟ ತಮಿಳು ಮರ್ತೋಗಿತ್ತು. ಬಾಯಿಗೆ ಬಂದದ್ದು ಅಂದೆ. ನಗಾಡ್ಕಂಡು, ಇದೇ ಇರ್ಲಿ ಅಂದ. ಮೂವತ್ತೆಂಟು ವರ್ಷ ಈ ಊರು ಅದಕ್ಕೆ ಶಿಳ್ಳೆ ಹೊಡ್ದೈತೆ. ಅದು ನಂದು. ಕೊಡಾಕಿಲ್ಲ.”

ಆ ಕ್ಷಣ ಅವಳ ಕಾಲಿಗೆ ಬೀಳಬೇಕೆನಿಸಿತು. ಆದರೆ ಬೆಂಚಿನ ಮೇಲೆ ಕೂತ ಮನುಷ್ಯ ನೆನಪಾದರು.

“ಸಂಜೆ ಆಟ ಏನ್ಮಾಡ್ಬೇಕೂಂತ ಇದ್ದೆ?”

“ಆರು ಗಂಟೆಗೆ ಮೂವರೂ ತಲೆ ಮ್ಯಾಲೆ ಹೊತ್ಕಂಡು ಬತ್ತಿದ್ದೋ. ಊರೆಲ್ಲಾ ಸೇರಿರ್ತದಲ್ಲ. ಮಾತು ಅಳಿಸಾಕಿಲ್ಲ ಅಂತ ಎಲ್ಲಾರ ಮುಂದೆ ಬರ್ಕೊಡು, ಪಡ ಓಡ್ಸು ಅಂತ ಕೇಳ್ತಿದ್ದೋ.”

“ಅಷ್ಟರಲ್ಲಿ ಅಯ್ಯಾವು ಅಣ್ಣ ಸ್ಟೇಷನ್ನಿಗೆ ಹೋಗಿರ್ತಾರೆ. ಕಳ್ಳ ಅಂತ ಅವರನ್ನ ಬೆಳಗಿಂದ ಕೂರ್ಸಿದಾರೆ.”

ಕತ್ತರಿ ಮಡಿಲಿನಿಂದ ಜಾರಿತು. “ಅಯ್ಯಾವೂನಾ? ಬಾಗ್ಲು ಬೀಗ ಹಾಕ್ದಂಗೇ ಬುಟ್ಟದ್ದು ಅವ್ನ ಮ್ಯಾಲೆ ಬರ್ಬಾರ್ದು ಅಂತಲ್ವಾ!”

“ಬೀಗ ಮುರಿದಿದ್ರೆ ಯಾರೋ ಹೊರಗಿನೋರು ಅಂತಿದ್ರು. ಮುರೀದೇ ಇದ್ದದ್ದಕ್ಕೇ ಅವರ ತಲೆಗೆ ಬಂತು.”

ಅತ್ತೆ ಸೊಟ್ಟಗಾಲಿನಲ್ಲೇ ಎದ್ದು ನಿಂತಳು. “ನಡಿ. ಈಗ್ಲೇ ನಡಿ. ಕದ್ದೋಳು ನಾನು! ಇಷ್ಟು ಚೆಂದಾಗಿ ಕದ್ದು, ಹೆಸರು ಅವನ್ಗೆ ಹೋಗ್ಬೇಕಾ?”

ಶೆಡ್ಡಿನ ಮೂಲೆಯಲ್ಲಿ ನಾಲ್ಕು ಕ್ರೇಟುಗಳಿದ್ದವು. ಮೇಲಿನ ದ್ರಾಕ್ಷಿ ಸರಿಸಿದೆ, ಹಳೇ ಪೇಪರು ಸರಿಸಿದೆ. ಒಂದೊಂದರಲ್ಲಿ ಎರಡೆರಡು ಡಬ್ಬಿ. ಎಂಟು! ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಪೆನ್ಶನ್ ಪುಸ್ತಕ ಉಳಿಯಿತು. ಅದಕ್ಕಿಂತ ಹೆಚ್ಚಾಗಿ ಅಯ್ಯಾವು ಅಣ್ಣನ ಮರ್ಯಾದೆ ಉಳಿಯಿತು. ಅವರನ್ನು ನಂಬಿದ್ದಕ್ಕೆ ನನಗೆ ನನ್ನ ಮೇಲೇ ಹೆಮ್ಮೆಯಾಯಿತು.

ಸಿಕ್ಕಿದ ಮಾಲನ್ನು ತೆರೆದು ನೋಡದೆ ಸಿಕ್ಕಿತೆಂದು ನಾನು ಯಾವತ್ತೂ ಬರೆದವಳಲ್ಲ. ಒಂದೊಂದೇ ಮುಚ್ಚಳ ತೆಗೆದೆ. ಒಂದನೆಯದು, ರೀಲು ಇದೆ. ಎರಡನೆಯದು, ಇದೆ. ಏಳರವರೆಗೂ ಕಪ್ಪಗೆ ಹೊಳೆಯುವ ಸುರುಳಿಗಳು ಸೊಗಸಾಗಿ ಕೂತಿದ್ದವು.

ಎಂಟನೆಯದರ ಮುಚ್ಚಳ ಬಿಗಿಯಾಗಿತ್ತು. ಅತ್ತೆ ಕತ್ತರಿ ಕೊಟ್ಟಳು. ಮೀಟಿದೆ.

ಒಳಗೆ ರೀಲು ಇರಲಿಲ್ಲ. ಬಟ್ಟೆಯಲ್ಲಿ ಬಿಗಿದು ಕಟ್ಟಿದ ಗಂಟು. ಬಿಚ್ಚಿದರೆ ಹೊಳೆಯ ಮರಳು. ಉಳಿದ ಡಬ್ಬಿಗಳಷ್ಟೇ ತೂಕ ಬರುವ ಹಾಗೆ ಅಳೆದು ತುಂಬಿದ್ದು.

“ಅತ್ತೆ, ಇದನ್ನ ಯಾರಾದ್ರೂ ತೆರೆದ್ರಾ?”

“ನಿನ್ನಾಣೆ ಇಲ್ಲ. ತಂದು ಇಟ್ಟೋ, ಮುಚ್ಚಿದೋ. ಇಲ್ಲೇ ಮಲಗಿದ್ದೆ ನಾನು.”

ಅಂದರೆ ಇವರು ಹೊತ್ತು ತರುವಾಗಲೇ ಅದರಲ್ಲಿ ಮರಳಿತ್ತು. ಈ ಮೂವರಿಗಿಂತ ಮೊದಲೇ, ಮೆಟ್ಟಿಲು ಹತ್ತಿ, ಬೀಗ ತೆಗೆದು, ಬೇಕಾದ ಒಂದೇ ರೀಲನ್ನು ಆರಿಸಿ ಒಯ್ದವರು ಯಾರೋ ಇದ್ದಾರೆ.

ಅತ್ತೆ ಮರಳಿನೊಳಗೆ ಬೆರಳಾಡಿಸಿದಳು. ಕೆಳಗೆ ಏನಾದರೂ ಇದ್ದೀತೇನೋ ಎಂಬಂತೆ ತಳದವರೆಗೂ ಕೆದಕಿದಳು. ಆಮೇಲೆ ನೆಲದ ಮೇಲೆ ಕುಸಿದು ಕೂತಳು.

“ಪೊನ್ನು,” ಎಂದಳು, “ಇದ್ರಾಗೆ ನಾನಿದ್ದೆ.”

ಅವಳ ಭುಜ ಹಿಡಿದುಕೊಂಡು ಪಕ್ಕದಲ್ಲೇ ಕೂತೆ. ಆಗ ಫೋನು ಹೊಡೆದುಕೊಂಡಿತು. ಜೆಯಕುಮಾರ್.

“ಅಕ್ಕಾ, ನಾಲ್ಕಾಯ್ತು. ಕಂಪ್ಲೇಂಟ್ ಬರೆದು ಇಟ್ಟಿದೀನಿ. ಏನ್ ಹೇಳ್ತೀರಿ?”

ಅತ್ತೆಯ ಮುಖ ನೋಡಿದೆ. ಮರಳು ನೋಡಿದೆ.

“ಹರಿದು ಹಾಕು,” ಎಂದೆ. “ಎಂಟು ಡಬ್ಬೀನೂ ಸಿಕ್ತು.” ಸುಳ್ಳೇನಲ್ಲ. ಡಬ್ಬಿ ಎಂಟು ಇದ್ದವು. “ಬೀಗ ಯಾರೂ ಮುಟ್ಟಿಲ್ಲ, ಬಾಗಿಲಿನ ತಿರುಗಣಿ ತೆಗೆದಿದಾರೆ. ಅಯ್ಯಾವು ಅಣ್ಣ ನಿರಪರಾಧಿ. ಊರಿಗೆಲ್ಲ ಕೇಳೋ ಹಾಗೆ ಹೇಳು. ಅವರ ಕೈ ಹಿಡಿದು ಕ್ಷಮೆ ಕೇಳು.”

ಫೋನಿನ ಆ ಕಡೆ ಗದ್ದಲ ಎದ್ದಿತು. ಯಾರೋ ಶಿಳ್ಳೆ ಹೊಡೆದರು. ಜೆಯಕುಮಾರ್ ‘ಮನ್ನಿಚ್ಚಿಡುಂಗಣ್ಣೇ’ ಎಂದು ಕ್ಷಮೆ ಕೇಳುತ್ತಿದ್ದುದು ಕೇಳಿಸಿತು. ಅಷ್ಟಾದರೂ ಮಾಡಿಸಿದೆನಲ್ಲ ಎಂದು ನನ್ನ ಕಣ್ಣು ಮಂಜಾಯಿತು.

“ಅಕ್ಕಾ, ಅಣ್ಣ ನಿಮ್ಮತ್ರ ಮಾತಾಡ್ಬೇಕಂತೆ.”

ಫೋನು ಕೈ ಬದಲಾಯಿತು. ಹೆಜ್ಜೆಗಳ ಸದ್ದು. ಗದ್ದಲ ದೂರವಾಯಿತು. ಎಲ್ಲೋ ಒಂದು ಬಾಗಿಲು ಮುಚ್ಚಿಕೊಂಡಿತು. ಬೆಳಗಿನಿಂದ ಬಾಯಿ ಬಿಡದಿದ್ದ ಅಯ್ಯಾವು ಅಣ್ಣ ಮೊದಲ ಸಲ ಮಾತಾಡಿದರು, ತೀರಾ ತಗ್ಗಿದ ದನಿಯಲ್ಲಿ.

“ತಂಗಚ್ಚೀ, ಎಂಟನೇ ಡಬ್ಬಿ ತೆರೆದ್ಯಾ?”